ಮಗಳ ಪೇಪರಿಗೆ ಹೇಳಿಕೆ

ಜುಲೈ 6, ಕೋಟೇಶ್ವರ

ಈ ಡೈರಿ ಕೊಟ್ಟದ್ದು ಉಮಾವತಿ. ಕುಂದಾಪುರದ ಬ್ಯಾಂಕಿನವರು ಜನವರಿಯಲ್ಲಿ ಪುಕ್ಕಟೆ ಹಂಚಿದ್ದನ್ನು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಳು. "ನಿಮ್ ಮಾತ್ ಕೇಂತಾ ಕೂಕಂಬುಕೆ ನಂಗೆ ಪುರ್ಸೊತ್ತಿಲ್ಲೆ. ಇದ್ರಗೆ ಬರ್ಕಣಿ" ಅಂದಳು. ಕಟ್ಟಿಕೊಂಡ ಹೆಂಡತಿಯೇ ಹೀಗಂದ ಮೇಲೆ ಇನ್ನೇನು. ಮುಂಬೈಯ ಮುಲುಂಡಿನಲ್ಲಿ ನಾನು ಹೋಟೆಲಿನ ಗಲ್ಲಾ ಹತ್ತಿರ ಕುಳಿತು ಒಮ್ಮೆ ಕೆಮ್ಮಿದರೆ ಅಡುಗೆ ಮನೆಯಲ್ಲಿ ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಹೋಟೆಲು ಮಾರಿ ಊರಿಗೆ ಬಂದು ವರ್ಷವಾಯಿತು. ಇಲ್ಲಿ ನಾನು ಕೆಮ್ಮಿದರೆ ಕಷಾಯ ಬರುತ್ತದೆ.

ರಾತ್ರಿ ಊಟಕ್ಕೆ ಕುಳಿತಾಗ ಮಗಳು ನಿಶ್ಮಿತಾ ಮುಖ ಸಣ್ಣ ಮಾಡಿಕೊಂಡಿದ್ದಳು. ಅವಳು ಬ್ರಹ್ಮಾವರದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ವಿಷಯ ಮಾಹಿತಿ ವ್ಯವಸ್ಥೆ. ಅಂಗಡಿ, ಹೋಟೆಲು, ಆಸ್ಪತ್ರೆಗೆ ಕಂಪ್ಯೂಟರು ಬಂದರೆ ಜನ ಅದನ್ನು ಹೇಗೆ ಬಳಸುತ್ತಾರೆ, ಯಾಕೆ ಬಳಸುವುದಿಲ್ಲ ಎಂದು ನೋಡುವ ಶಾಸ್ತ್ರವಂತೆ. ಇದನ್ನು ಓದಲು ಡಾಕ್ಟರೇಟ್ ಬೇಕೇ ಎಂದು ನಾನು ಹಿಂದೊಮ್ಮೆ ಕೇಳಿ ಮೂರು ದಿನ ಮಾತು ಬಿಡಿಸಿಕೊಂಡಿದ್ದೆ.

"ಪೇಪರ್ ಬರ್ದ್ರೆ ಸಾಕಾತಿಲ್ಲೆ ಅಪ್ಪಯ್ಯ" ಅಂದಳು. ಪೇಪರೆಂದರೆ ಅವರ ಸಂಶೋಧನೆಯ ಲೇಖನ. "ಬೇರೆಯೋರ್ ಅವ್ರ ಪೇಪರಗೆ ನನ್ ಪೇಪರಿನ ಹೆಸ್ರ್ ಹೇಳ್ಕ್. ಅದಕ್ಕೆ ಸೈಟೇಶನ್ ಅಂಬ್ರ್. ಬಡ್ತಿಗೆ ಐವತ್ತಾದ್ರೂ ಬೇಕ್, ನಂದ್ ಮೂವತ್ತೊಂದಿತ್ತ್. ನವೆಂಬರಗೆ ಸಮಿತಿ ಕೂಕಂತ್ತ್."

"ನೀ ಹೇಳಿಕೆ ಮಾಡಿದ್ಯಾ?" ಎಂದೆ.

ಅವಳು ನಕ್ಕಳು. ನಾನೇನು ತಮಾಷೆಗೆ ಹೇಳಲಿಲ್ಲ. ನಮ್ಮ ಕಡೆ ಮದುವೆಗೋ ಮನೆಯೊಕ್ಕಲಿಗೋ ಬರೀ ಕಾಗದ ಕಳಿಸಿದರೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲ ನೀರು ಮುಗಿಸಿ, ಬಾಯಿಬಿಟ್ಟು ಕರೆಯಬೇಕು. ಅದು ಹೇಳಿಕೆ. ಪಕ್ಕದ ಮನೆಯವನಿಗೆ ಸಾರಿನ ಪರಿಮಳ ಬಂದು ಹೊಟ್ಟೆ ಕೂಗಿದರೂ ಹೇಳಿಕೆಯಿಲ್ಲದೆ ಅವನು ಚಪ್ಪರದೊಳಗೆ ಕಾಲಿಡುವವನಲ್ಲ. ಇವಳು ಪೇಪರು ಬರೆದು ಸುಮ್ಮನೆ ಕುಳಿತರೆ ಅಮೆರಿಕದವನು ತಾನಾಗಿ ಬರುತ್ತಾನೆಯೇ?

ಜುಲೈ 9

ಅವಳ ಸೈಟೇಶನ್ ಲೆಕ್ಕ ತೋರಿಸುವ ಪುಟವೊಂದು ಫೋನಿನಲ್ಲಿದೆ. ಹೇಗೆ ತೆಗೆಯುವುದೆಂದು ಕಲಿತೆ. ಬೆಳಿಗ್ಗೆ ನೋಡಿದೆ, ಮೂವತ್ತೊಂದು. ಮಧ್ಯಾಹ್ನ ಮೂವತ್ತೊಂದು. ಸಂಜೆ ಮೀನು ತರುವಾಗ ಪೇಟೆಯಲ್ಲಿ ನಿಂತು ನೋಡಿದೆ, ಅಷ್ಟೇ.

ಎಚ್ ಇಂಡೆಕ್ಸ್ ಎಂಬುದೂ ಒಂದಿದೆ. ಹತ್ತು ಪೇಪರುಗಳಿಗೆ ತಲಾ ಹತ್ತು ಸಲವಾದರೂ ಹೆಸರು ಹೇಳಿದ್ದರೆ ಎಚ್ ಹತ್ತು. ಒಂದೇ ಪೇಪರಿಗೆ ಸಾವಿರ ಬಂದು ಉಳಿದದ್ದೆಲ್ಲ ಸೊನ್ನೆಯಾದರೆ ಎಚ್ ಒಂದೇ. ಮಸಾಲೆ ದೋಸೆ ಮಾತ್ರ ಖರ್ಚಾಗಿ ಬೇರೆಲ್ಲ ತಿಂಡಿ ಹಳಸುವ ಹೋಟೆಲು ಒಳ್ಳೆಯ ಹೋಟೆಲಲ್ಲ ಎಂಬ ಲೆಕ್ಕ. ಇದು ನನಗೆ ಒಪ್ಪಿಗೆಯಾಯಿತು. ಕಂಡುಹಿಡಿದವನು ನಮ್ಮ ಕಡೆಯವನೇ ಇರಬೇಕು.

ನಿಶ್ಮಿತಾಳ ಮಸಾಲೆ ದೋಸೆ ಯಾವುದೆಂದರೆ ನಮ್ಮ ಮುಲುಂಡಿನ ಹೋಟೆಲಿನ ಮೇಲೆ ಬರೆದ ಪೇಪರು. ಹಿಂದೆ ಆರು ತಿಂಗಳು ಹೋಟೆಲಿನ ಮೂಲೆ ಟೇಬಲಿನಲ್ಲಿ ಕುಳಿತು ಬರೆದದ್ದು. ಹೆಚ್ಚಿನ ಸೈಟೇಶನ್ ಅದಕ್ಕೇ ಬಂದಿದೆ. ಬಾರದೆ ಇರುತ್ತದೆಯೇ, ಹೋಟೆಲು ಯಾರದ್ದು?

ಆಗಸ್ಟ್ 20

ಬೈಂದೂರಿನಲ್ಲಿ ಉಮಾವತಿಯ ಅಣ್ಣನ ಮನೆ ನಿಶ್ಚಿತಾರ್ಥ. ಊಟದ ಪಂಕ್ತಿಯಲ್ಲಿ ಎಡಕ್ಕೂ ಬಲಕ್ಕೂ ಮಗಳ ಪೇಪರಿನ ಸುದ್ದಿ ಹೇಳಿದೆ. "ನಮ್ಮ ಹೋಟ್ಲಿನ ಆಡಳ್ತ ಹ್ಯಾಂಗಿತ್ತ್ ಅಂದೇಳಿ ಬ್ರೆಜಿಲಿನವ್ರೂ ಓದ್ತ್ರ್" ಎಂದೆ. "ಎಂತ ಬರ್ದಿದ್ಲ್?" ಎಂದು ಬಲಗಡೆಯವರು ಕೇಳಿದರು. ನಾನು ಓದಿಲ್ಲವೆಂದು ಹೇಳಲಾಗುತ್ತದೆಯೇ? "ಒಟ್ರಾಶಿ ಒಳ್ಳೇದೇ ಬರ್ದಿದ್ಲ್" ಎಂದು ಪಾಯಸಕ್ಕೆ ಕೈ ಹಾಕಿದೆ.

ಹೊರಡುವಾಗ ಭಾವ ಕೈ ಹಿಡಿದು, "ನೀವ್ ಬಂದ್ರಿ, ಖುಷಿಯಾಯ್ತ್ ಹೆಗ್ಡೇರೆ. ಇನ್ ನಿಮ್ಮಲ್ಲಿ ಕಾರ್ಯ ಆದ್ರೆ ನಾವ್ ಬಪ್ಪುದೇ" ಅಂದರು. ಬಸ್ಸು ಮರವಂತೆ ದಾಟುವಾಗ ಆ ಮಾತು ತಲೆಯಲ್ಲಿ ತಿರುಗಿ ದಾರಿ ಹೊಳೆಯಿತು. ನಿಶ್ಮಿತಾಳ ಪೇಪರಿನ ಕೊನೆಯಲ್ಲಿ ಉದ್ದದ ಹೆಸರುಗಳ ಸಾಲಿದೆ, ನೋಡಿದ್ದೇನೆ. ಅವಳು ಹೆಸರು ಹೇಳಿದವರು. ಅಂದರೆ ಅವರೆಲ್ಲರ ಮನೆ ಕಾರ್ಯಕ್ಕೆ ನನ್ನ ಮಗಳು ಹೋಗಿ ಬಂದಿದ್ದಾಳೆ. ಇನ್ನು ಬರಬೇಕಾದವರು ಅವರು. ಹೇಳುವವರಿಲ್ಲದೆ ಸುಮ್ಮನಿದ್ದಾರೆ, ಅಷ್ಟೇ.

ಆಗಸ್ಟ್ 26

ಸುಜನನ ಪ್ರೆಸ್ಸಿಗೆ ಹೋದೆ. ಕುಂದಾಪುರದಲ್ಲಿ ಅರ್ಧ ಊರಿನ ಮದುವೆ ಕಾಗದ ಅಚ್ಚು ಹಾಕುವವನು ಅವನೇ. ಇಂಗ್ಲಿಷು ನನ್ನದಕ್ಕಿಂತ ವಾಸಿ. ವಿಷಯ ಕೇಳಿ, "ಹ್ವಾಯ್, ಹೆಗ್ಡೇರೆ, ಇದ್ ಮಾಡ್ಲಕ್ಕಾ?" ಎಂದು ತಲೆ ಕೆರೆದುಕೊಂಡ. "ಕರೂದ್ ತಪ್ಪಾ ಮಾರಾಯಾ? ಬಪ್ಪುದ್ ಬಿಡೂದ್ ಅವ್ರಿಗೆ ಬಿಟ್ಟದ್ದ್" ಎಂದೆ. ಒಪ್ಪಿದ.

ಅವನ ಕಂಪ್ಯೂಟರಿನಲ್ಲಿ ಗೃಹಪ್ರವೇಶದ ಇಂಗ್ಲಿಷ್ ಕಾಗದದ ಮಾದರಿ ಇತ್ತು. ಗೃಹದ ಜಾಗದಲ್ಲಿ ಪೇಪರಿನ ಹೆಸರು ಹಾಕಿದೆವು. ಮೂಕಾಂಬಿಕೆಯ ಕೃಪೆಯಿಂದ ನಮ್ಮ ಮಗಳು ಚಿರಂಜೀವಿ ಡಾಕ್ಟರ್ ನಿಶ್ಮಿತಾ ಈ ಪೇಪರು ಬರೆದಿರುವಳಾಗಿ, ತಾವು ಸಕುಟುಂಬ ಸಪರಿವಾರ ಸಮೇತ ಇದನ್ನು ಸೈಟ್ ಮಾಡಿ ಹರಸಬೇಕು, ಉಡುಗೊರೆಗಳನ್ನು ದಯವಿಟ್ಟು ತರಬಾರದು. ಕೊನೆಯ ಸಾಲು ತೆಗೆಯೋಣವೆಂದ ಸುಜನ್. ಇರಲಿ, ಆಸೆಬುರುಕರೆಂದು ತಿಳಿಯಬಾರದು ಎಂದೆ. ಕೆಳಗೆ ನನ್ನ ಹೆಸರು, ಉಮಾವತಿಯ ಹೆಸರು, ಬಂಧುಮಿತ್ರರು. ಸುಜನ್ ಒಬ್ಬೊಬ್ಬರ ಇಮೇಲ್ ವಿಳಾಸ ಹುಡುಕಿದ, ನಾನು ಕಳಿಸು ಎಂಬಲ್ಲಿ ಒತ್ತಿದೆ. ಎಲ್ಲರಿಗೂ ಒಟ್ಟಿಗೆ ಕಳಿಸಬಹುದಂತೆ. ಅದು ಮರ್ಯಾದೆಯಲ್ಲ. ಹೇಳಿಕೆ ಮನೆಮನೆಗೇ ಆಗಬೇಕು.

ನಿಶ್ಮಿತಾಳಿಗೆ ಹೇಳಲಿಲ್ಲ. ಆದ ಮೇಲೆ ತಿಳಿದರೆ ಖುಷಿ ಹೆಚ್ಚು.

ಸೆಪ್ಟೆಂಬರ್ 14

ಮೂವತ್ತೊಂದು. ಜನಕ್ಕೆ ಮರ್ಯಾದೆ ಅಂತ ಒಂದಿದೆಯೇ?

ಸೆಪ್ಟೆಂಬರ್ 30

ಮೂವತ್ತನಾಲ್ಕು! ಉಮಾವತಿಗೆ ಕಾರಣ ಹೇಳದೆ ಹಾಲುಬಾಯಿ ಸಿಹಿ ಮಾಡಿಸಿದೆ. ಒಬ್ಬ ಉತ್ತರವನ್ನೂ ಬರೆದಿದ್ದಾನೆ, ಪೋಲೆಂಡಿನವನು. ನಾನು ನಿಮ್ಮ ಮಗಳದ್ದನ್ನು ಹೇಳುತ್ತೇನೆ, ಅವರೂ ನನ್ನದನ್ನು ಹೇಳುವರೇ ಎಂದು. ಎಂಥ ಸಂಸ್ಕಾರವಂತ! ನಿಮ್ಮ ಮನೆ ಕಾರ್ಯಕ್ಕೆ ನಾವು ಖಂಡಿತ ಬರುತ್ತೇವೆ ಎಂದು ಸುಜನನ ಕೈಯಲ್ಲಿ ಬರೆಸಿದೆ.

ಅಕ್ಟೋಬರ್ 13

ಮೂವತ್ತೊಂಬತ್ತು. ಈಗ ಸಂಜೆ ನಿಶ್ಮಿತಾ ಬಸ್ಸಿಳಿದು ಗೇಟು ದಾಟುವಷ್ಟರಲ್ಲಿ, "ಇವತ್ತ್ ಎಷ್ಟಾಯ್ತ್?" ಎಂದು ಕೇಳುವುದು ರೂಢಿಯಾಗಿದೆ. ಅವಳು ಹೇಳುತ್ತಾಳೆ, ಒಳಗೆ ಹೋಗುತ್ತಾಳೆ. ನನಗೆ ಗೊತ್ತಿದ್ದರೂ ಕೇಳುತ್ತೇನೆ, ಅವಳ ಬಾಯಿಂದ ಕೇಳುವುದು ಚಂದ. ಇವತ್ತು "ಗೊತ್ತಿಲ್ಲೆ ಅಪ್ಪಯ್ಯ, ತಲೆ ಸಿಡಿತ್ತ್" ಅಂದಳು. ನಾನೇ ಹೇಳಿದೆ, ಮೂವತ್ತೊಂಬತ್ತು ಎಂದು. ಸಂತೋಷದ ಸುದ್ದಿಯಿಂದ ತಲೆನೋವು ಇಳಿಯಬೇಕು.

ನವೆಂಬರ್ 2

ನಲವತ್ತೇಳು. ಸುಜನನ ಪ್ರೆಸ್ಸಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಉಮಾವತಿ ಹೇಳುತ್ತಿದ್ದಳು, ಹುಡುಗಿ ಸಮ ಉಣ್ಣುತ್ತಿಲ್ಲ, ರಾತ್ರಿ ಎದ್ದು ಓಡಾಡುತ್ತಿರುತ್ತಾಳೆ ಎಂದು. ಬಡ್ತಿಯ ಗಡಿಬಿಡಿ, ಮುಗಿದ ಮೇಲೆ ಉಣ್ಣುತ್ತಾಳೆ. ಇನ್ನು ಮೂರೇ ಬಾಕಿ.

ನವೆಂಬರ್ 11

ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ.

ನಿಶ್ಮಿತಾ ಮಧ್ಯಾಹ್ನವೇ ಮನೆಗೆ ಬಂದಳು. ನಾನು ಎಷ್ಟಾಯ್ತ್ ಎಂದೆ. ಅವಳು ಕೈಯಲ್ಲಿದ್ದ ಹಾಳೆ ನನ್ನ ಮುಂದೆ ಹಿಡಿದಳು. ನಮ್ಮ ಹೇಳಿಕೆ ಕಾಗದ. ಯಾರೋ ಒಬ್ಬ ದೊಡ್ಡ ಪ್ರೊಫೆಸರು ಅದನ್ನು ಕಾಲೇಜಿಗೇ ಕಳಿಸಿ, ನಿಮ್ಮಲ್ಲಿ ಸೈಟೇಶನ್ ಹೀಗೆ ಬೇಡುವ ಪದ್ಧತಿ ಉಂಟೋ ಎಂದು ಕೇಳಿದ್ದಾನೆ. ಪೋಲೆಂಡಿನವನಿಗೆ ನಾನು ಬರೆಸಿದ್ದೂ ಹೇಗೋ ಅವನ ಕೈ ಸೇರಿ ಅದರ ಜೊತೆಗಿದೆ. ಹೀಗೆ ಕೇಳುವುದು, ಕೊಟ್ಟು ತೆಗೆದುಕೊಳ್ಳುವುದು ಅವರ ಲೋಕದಲ್ಲಿ ಕಳ್ಳತನಕ್ಕೆ ಸಮವಂತೆ.

"ಇದ್ ನಾನೇ ಮಾಡ್ಸದ್ದ್ ಅಂಬ್ರ್ ಅಪ್ಪಯ್ಯ" ಅಂದಳು. ಸ್ವರ ಏರಿಸಲಿಲ್ಲ. "ಬಡ್ತಿ ಹೋಯ್ಲಿ. ಕೆಲ್ಸ ಉಳ್ದ್ರೆ ಸಾಕ್."

"ನಾ ನಿಂಗ್ ಒಳ್ಳೇದಾಯ್ಲಿ ಅಂದೇಳಿ..."

"ಕೆಳ್ಗಿನ ಹೆಸ್ರ್ ಕಾಂಬುಕೆ ಮುಂಚೆ, ಸಕುಟುಂಬ ಸಪರಿವಾರ ಅಂಬುದ್ ಓದುವಾಗ್ಳೇ ಗೊತ್ತಾಯ್ತ್ ಯಾರಂದೇಳಿ" ಎಂದು ಒಳಗೆ ಹೋದಳು.

ನವೆಂಬರ್ 12

ಸಂಜೆ ನಿಶ್ಮಿತಾ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು.

ನವೆಂಬರ್ 16

ಈ ಪೇಪರಿನಲ್ಲಿ ಅಂಥದ್ದೇನಿದೆ, ಇಷ್ಟೆಲ್ಲ ಗಲಾಟೆಗೆ? ಸುಜನನ ಪ್ರೆಸ್ಸಿನಲ್ಲಿ ಪ್ರಿಂಟು ತೆಗೆಸಿ, ಅವನನ್ನೇ ಕೂರಿಸಿ ಓದಿಸಿದೆ. ಹೋಟೆಲಿನ ಹೆಸರಿಲ್ಲ, ಎಸ್ ಎಂದಿದೆ. ನನ್ನ ಹೆಸರಿಲ್ಲ, ಮಾಲೀಕರು ಎಂದಿದೆ. ಮೂರನೆಯ ಪುಟಕ್ಕೆ ಬರುವಾಗ ಸುಜನನಿಗೆ ನಗು ತಡೆಯಲಾಗಲಿಲ್ಲ.

ಅರ್ಥ ಇಷ್ಟು: ಕಂಪ್ಯೂಟರು ಬಂದ ದಿನ ಮಾಲೀಕರು ಅದಕ್ಕೆ ಪೂಜೆ ಮಾಡಿಸಿದರು. ಮುಂದೆ ದಿನಾ ಬೆಳಿಗ್ಗೆ ಹೂವಿಟ್ಟು ಊದುಬತ್ತಿ ಹಚ್ಚಿದರು. ಆದರೆ ಆರು ತಿಂಗಳಲ್ಲಿ ಒಮ್ಮೆಯೂ ಅವರು ಅದನ್ನು ಆನ್ ಮಾಡಿದ್ದು ಕಾಣಲಿಲ್ಲ. ಮಾಲೀಕರು ವ್ಯವಸ್ಥೆ ದಾರಿ ತೋರಿಸುವ ತನಕ ಕಾಯುವವರಲ್ಲ. ಯಾರನ್ನೂ ಕೇಳದೆ, ಮನೆಯವರಿಗೂ ತಿಳಿಸದೆ, ತಮಗೆ ಸರಿಕಂಡದ್ದನ್ನು ತಾವೇ ಹೋಗಿ ಮಾಡಿ ಬರುತ್ತಾರೆ.

"ಸಾಕ್" ಎಂದು ಹಾಳೆ ಕಿತ್ತುಕೊಂಡೆ. ಆಡಳಿತದ ಹೊಗಳಿಕೆ ಎಂದು ಬೈಂದೂರಿನ ತನಕ ಡಂಗುರ ಹೊಡೆದವನು ನಾನು. ಮಗಳು ನನ್ನನ್ನು ಮೊಂಡನೆಂದು ಬರೆದು ಮೂರು ಲೋಕಕ್ಕೆ ಹಂಚಿದ್ದಾಳೆ. ಅದಕ್ಕೆ ನಾನೇ ಹೇಳಿಕೆ ಮಾಡಿದ್ದೇನೆ. ಮನೆಗೆ ಬಂದು ಹಾಳೆಗಳನ್ನು ಮಂಚದಡಿಗೆ ಬಿಸಾಡಿದೆ. ಬಹಳ ಸಿಟ್ಟು ಬಂದಿದೆ.

ನವೆಂಬರ್ 24

ನಾಳೆ ಸಮಿತಿ. ಇವತ್ತು ಉಮಾವತಿ ಚಾ ಕೊಡುವಾಗ, "ಕೆಲ್ಸ ಹೋದ್ರೆ ಆ ಹೆಣ್ಣ್ ಮತ್ತೆಂತ ಮಾಡುದ್?" ಅಂದಳು. ಮೊಂಡನಾದರೂ ಅವಳ ಅಪ್ಪ ನಾನೇ ತಾನೆ. ಮಂಚದಡಿಯಿಂದ ಹಾಳೆ ತೆಗೆದು ಚೀಲಕ್ಕೆ ಹಾಕಿದೆ.

ನವೆಂಬರ್ 25

ಕರೆಯದ ಮನೆಗೆ ಜನ್ಮದಲ್ಲಿ ಹೋದವನಲ್ಲ. ಇವತ್ತು ಹೋದೆ. ಪ್ರಾಂಶುಪಾಲರ ಕೋಣೆಯಲ್ಲಿ ಮೂವರು ಕುಳಿತಿದ್ದರು, ಎದುರು ನಿಶ್ಮಿತಾ. ನನ್ನನ್ನು ಕಂಡು ಅವಳು ಕಣ್ಣು ಮುಚ್ಚಿಕೊಂಡಳು.

ಕಾಗದ ಕಳಿಸಿದ್ದು ನಾನು, ಅವಳಿಗೆ ಗೊತ್ತೇ ಇರಲಿಲ್ಲ ಎಂದೆ. ಮೈಸೂರಿನಿಂದ ಬಂದಿದ್ದ ಪ್ರೊಫೆಸರೊಬ್ಬರು ಕನ್ನಡಕ ಇಳಿಸಿ, "ನೋಡಿ ಯಜಮಾನರೇ, ಈ ವಿಷಯದ ಗಂಧಗಾಳಿ ಇಲ್ಲದ ನಿಮಗೆ ಯಾರಿಗೆ ಬರೆಯಬೇಕು ಅನ್ನೋದು ಹೇಗೆ ಗೊತ್ತಾಯ್ತು? ಮಗಳು ಹೇಳಿಕೊಡದೆ?" ಅಂದರು.

ಪೇಪರಿನ ಕೊನೆಯ ಹೆಸರುಗಳ ಸಾಲನ್ನು ತೋರಿಸಿದೆ. "ಇವ್ರದ್ದೆಲ್ಲ ಹೆಸ್ರ್ ಇವ್ಳ್ ಹೇಳಿದ್ಲ್ ಸರ್. ನಾವ್ ಹೋದ ಮನೆಯೋರ್ ನಮ್ಮಲ್ಲಿಗೆ ಬರ್ಕಲೆ?"

"ಇವರಲ್ಲಿ ಒಬ್ಬರು ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಅವರ ವಿಭಾಗಕ್ಕೂ ನಿಮ್ಮ ಕಾಗದ ಹೋಗಿದೆ."

"ಯಜಮಾನ್ರ್ ಇಲ್ದಿದ್ರೂ ಮನೆಗೆ ಹೇಳ್ಕೇ ಸರ್. ಮಕ್ಳ್ ಬೇಜಾರ್ ಮಾಡ್ಕಂತ್ರ್."

ಪ್ರಾಂಶುಪಾಲರು ಕೆಮ್ಮಿದರು. ಪ್ರೊಫೆಸರು ಮಾತ್ರ ನಗಲಿಲ್ಲ. ಇದಕ್ಕೇನು ಸಾಕ್ಷಿ ಎಂದರು. ಆಗ ಮೂರನೆಯ ಪುಟ ತೆಗೆದು ಅವರ ಮುಂದಿಟ್ಟೆ. ಈ ಮಾಲೀಕರು ನಾನೇ ಎಂದೆ. ಊದುಬತ್ತಿ ಹಚ್ಚಿದ್ದೂ ನಾನೇ. ಯಾರನ್ನೂ ಕೇಳದೆ, ಮನೆಯವರಿಗೂ ತಿಳಿಸದೆ, ಎಂಬಲ್ಲಿ ಬೆರಳಿಟ್ಟು ತೋರಿಸಿದೆ. ಇದನ್ನು ಬರೆದು ವರ್ಷಗಳಾದವು, ಇವತ್ತಿಗಾಗಿ ಬರೆದದ್ದಲ್ಲ, ಅವಳು ಸರಿಯಾಗಿ ನೋಡಿ ಬರೆದಿದ್ದಾಳೆ, ನಾನು ಇನ್ನೂ ಹಾಗೇ ಇದ್ದೇನೆ ಎಂದೆ. ಮುಲುಂಡಿನಲ್ಲಿ ನನಗೆ ಎದುರು ನಿಂತು ಯಾರೂ ಇಂಥ ಮಾತು ಆಡಿದ್ದಿಲ್ಲ, ಇಲ್ಲಿ ನನ್ನ ಬಾಯಿಂದ ನಾನೇ ಆಡಿದೆ.

ಪ್ರೊಫೆಸರು ಆ ಪುಟವನ್ನು ಎರಡು ಸಲ ಓದಿದರು. ನಿಶ್ಮಿತಾಳತ್ತ ನೋಡಿ, "ತಮ್ಮ ವಾದಕ್ಕೆ ಇಂಥ ಸಾಕ್ಷಿ ಯಾರಿಗೂ ಸಿಗೋದಿಲ್ಲ ಮೇಡಂ" ಅಂದರು.

ಡಿಸೆಂಬರ್ 1

ತೀರ್ಪು ಬಂತು. ನಿಶ್ಮಿತಾಳ ತಪ್ಪಿಲ್ಲ. ಕೆಲಸಕ್ಕೆ ತೊಂದರೆಯಿಲ್ಲ. ಆದರೆ ನನ್ನ ಕಾಗದ ಹೋದ ಮೇಲೆ ಆ ಹೆಸರುಗಳ ಸಾಲಿನವರಿಂದ ಬಂದದ್ದನ್ನೆಲ್ಲ ಲೆಕ್ಕದಿಂದ ಬಿಡಬೇಕು. ಬಿಟ್ಟರೆ ಐವತ್ತಕ್ಕೆ ಬಹಳ ದೂರ. ಬಡ್ತಿ ಈ ವರ್ಷವಿಲ್ಲ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು. ಅವಳು ಹಾಳೆ ಮಡಚಿ ಬ್ಯಾಗಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಡಿಸೆಂಬರ್ 5

ಬೇಜಾರಿಗೆ ಪೇಪರಿನ ಉಳಿದ ಭಾಗವನ್ನು ನಾನೇ ಓದಿದೆ. ತಿಳಿಯದ ಶಬ್ದಕ್ಕೆ ಫೋನು ನೋಡುತ್ತ, ಬೆಳಗಿನಿಂದ ಊಟದ ಹೊತ್ತಿನವರೆಗೆ. ಸುಜನ್ ನಕ್ಕ ಜಾಗದಿಂದ ಒಂದು ಪುಟ ದಾಟಿದರೆ ಬೇರೆಯೇ ಮಾತು ಇದೆ.

ಅಕ್ಕಿ ಎಷ್ಟು ಉಳಿದಿದೆ ಎಂಬುದು ಪರದೆಯ ಮೇಲೆ ಸರಿಯಾಗಿಯೇ ಇತ್ತು. ಆದರೂ ಮಾಲೀಕರು ಅಡುಗೆ ಮನೆಗೆ ಹೋಗಿ ಕೇಳುತ್ತಿದ್ದರು. ಮೊದಲು ಪಾತ್ರೆ ತೊಳೆಯುವವನಿಗೆ ಉಂಡೆಯಾ ಎಂದು, ಭಟ್ಟರಿಗೆ ಮಂಡಿನೋವು ಹೇಗಿದೆ ಎಂದು, ಕೊನೆಗೆ ಅಕ್ಕಿಯ ವಿಷಯ. ಅವರಿಗೆ ಬೇಕಾಗಿದ್ದದ್ದು ಅಕ್ಕಿಯ ಲೆಕ್ಕವಲ್ಲ, ಆ ಮನುಷ್ಯ ಇವತ್ತು ಹೇಗಿದ್ದಾನೆ ಎಂಬುದು. ಸಂಖ್ಯೆ ಮಾತ್ರ ಹೇಳುವ ಯಂತ್ರವನ್ನು ಅವರು ಯಾಕೆ ಬಳಸಲಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹೀಗೆ ಬರೆದಿದ್ದಾಳೆ.

ಹೌದು, ಭಟ್ಟರಿಗೆ ಮಂಡಿನೋವಿತ್ತು. ನನಗೆ ಮರೆತೇ ಹೋಗಿತ್ತು. ಉಮಾವತಿ ಊಟಕ್ಕೆ ಎರಡು ಸಲ ಕರೆದಳಂತೆ. ಎದ್ದು ಹೋಗಿ, "ನಿನ್ ಸೊಂಟ ಹ್ಯಾಂಗಿತ್ತ್?" ಎಂದೆ. ಅವಳು ಸೌಟು ಹಿಡಿದು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೋ ಎಂದು.

ಡಿಸೆಂಬರ್ 7, ಭಾನುವಾರ

ಬೆಳಿಗ್ಗೆ ನಿಶ್ಮಿತಾ ತಲೆಗೆ ಮಿಂದು ಜಗಲಿಯ ಮೆಟ್ಟಿಲಲ್ಲಿ ಬಿಸಿಲಿಗೆ ಕುಳಿತಿದ್ದಳು. ಪಕ್ಕಕ್ಕೆ ಹೋಗಿ ಕುಳಿತೆ. ಅವಳು ನನ್ನ ಮುಖ ನೋಡದೆ, "ಮೂವತ್ತೆರಡ್" ಅಂದಳು.

"ಅದಲ್ಲ ನಾ ಕೇಂಬುದ್" ಎಂದೆ. "ನೀ ಹ್ಯಾಂಗಿದ್ದೆ ಮಗಾ?"

ಕೂದಲು ಒರೆಸುತ್ತಿದ್ದ ಬೈರಾಸನ್ನು ಅವಳು ಹಿಂಡಿದಳು.

"ಪೇಪರ್ ಓದಿದ್ರ್ಯಾ?"

"ಪೂರಾ ಓದ್ದೆ. ಒಳ್ಳೇದ್ ಬರ್ದಿದ್ದೆ."

"ಅದ್ರಗೆ ಒಂದ್ ವಿಷ್ಯ ನಾ ಬರೀಲಿಲ್ಲೆ ಅಪ್ಪಯ್ಯ. ಬರೂಕೂ ಆತಿರ್ಲಿಲ್ಲೆ." ಅವಳು ಗೇಟಿನತ್ತ ನೋಡಿಕೊಂಡೇ ಹೇಳಿದಳು. "ಆರ್ ತಿಂಗ್ಳ್ ಆ ಮೂಲೆ ಟೇಬಲಗೆ ಕೂತಿದ್ದೆ. ನೀವ್ ಭಟ್ರ ಹತ್ರ ಕೇಂಡ್ರಿ, ಪಾತ್ರೆ ತೊಳುವವ್ನ ಹತ್ರ ಕೇಂಡ್ರಿ, ಹಾಲಿನವ್ನ ಹತ್ರ ಕೇಂಡ್ರಿ. ನನ್ನ ಹತ್ರ ಮಾತ್ರ ಒಂದಿನಾನೂ ಕೇಂಡಿಲ್ಲೆ. ದಿನಾ ಕಾಯ್ತಿದ್ದೆ, ಇವತ್ತ್ ಕೇಂತ್ರ್ ಅಂದೇಳಿ."

ಅಳು ಬಂತು, ಅದನ್ನೂ ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡೆ. ಅವಳು ಕಂಡೂ ಕಾಣದಂತೆ ಇದ್ದಳು. ಆಮೇಲೆ ಕೇಳಿದೆ.

"ಆರ್ ತಿಂಗ್ಳ್ ಆ ಮರದ ಕುರ್ಚಿಯಗೆ ಕೂತಿದ್ದೆಲೆ, ಬೆನ್ನ್ ನೋವ್ ಬರ್ಲಿಲ್ಯಾ?"

"ಬಂದಿತ್ತ್ ಅಪ್ಪಯ್ಯ" ಅಂದಳು. "ಈಗ್ಳೂ ಇತ್ತ್." ಬೈರಾಸನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲಿ, ಯಾವಾಗಿನಿಂದ, ಹೇಗೆ ನೋಯುತ್ತದೆ ಎಂದು ಒಂದೊಂದಾಗಿ ಹೇಳತೊಡಗಿದಳು.